ಯುದ್ಧ ಆಗುತ್ತಾ? ಆದ್ರೆ ತುರುವನೂರಿಗೆ ಏನು ತಟ್ಟುತ್ತೆ? ಎಣ್ಣೆ ಟಿನ್‌ನಿಂದ ಕುದಾಪುರದ ಕಾವಲ್‌ವರೆಗೆ

ತುರುವನೂರು: ವಾಟ್ಸಾಪ್‌ನಲ್ಲಿ ಮೂರನೇ ಮಹಾಯುದ್ಧ ಈಗಾಗ್ಲೇ ಹತ್ತು ಸಲ ಶುರುವಾಗಿ ಹತ್ತು ಸಲ ಮುಗಿದಿದೆ. ಯಾವುದೋ ವಿಡಿಯೋ ಗೇಮ್‌ನ ದೃಶ್ಯ, ಯಾವುದೋ ದೇಶದ ಹಳೇ ಬೆಂಕಿ, ಮೇಲೆ ಕೆಂಪಕ್ಷರದಲ್ಲಿ 'ಈಗಷ್ಟೇ ಬಂದ ಸುದ್ದಿ'. ಇದನ್ನ ನೋಡಿ ನಗಬಹುದು. ಆದ್ರೆ ಅದರ ಹಿಂದೇನೇ ಅಂಗಡಿ ಕಟ್ಟೆ ಮೇಲೆ ಬರೋ ಪ್ರಶ್ನೆಗಳು ನಗೋವಂಥವಲ್ಲ. 'ಎಣ್ಣೆ ಇನ್ನೊಂದು ಹತ್ತು ಟಿನ್ ತಗೊಂಡಿಡಬೇಕಾ?', 'ಯೂರಿಯಾ ಈಗ್ಲೇ ತಂದು ಹಾಕ್ಕೊಂಡ್ರೆ ಒಳ್ಳೇದಾ?', 'ಅಲ್ಲಪ್ಪಾ, ಕುದಾಪುರದ ಹತ್ರ ಅದೇನೋ ಅಣು ಕಾರ್ಖಾನೆ ಇದೆಯಲ್ಲ, ಮೊದಲ ಬಾಂಬು ಅಲ್ಲಿಗೇ ಅಂತೆ ಹೌದಾ?' ಈ ಬರಹ ಈ ಮೂರು ಪ್ರಶ್ನೆಗಳ ಬಗ್ಗೆ.

ಮೊದಲೇ ನೇರವಾಗಿ ಹೇಳಿಬಿಡ್ತೀನಿ. ನಮ್ಮ ಸೀಮೆ ಮೇಲೆ ಬಾಂಬು ಬೀಳೋದು ಬಹಳ ದೂರದ ಮಾತು. ಹೊರೆ ಬೀಳೋದು ಹತ್ತಿರದ ಮಾತು, 2022ರಿಂದ ಬೀಳ್ತಾನೇ ಇದೆ. ಇನ್ನು ಕಾವಲ್ ವಿಷಯ ಬೇರೆ. ಅಲ್ಲಿ ಯುದ್ಧದ ತಯಾರಿಗೆ ನಮ್ಮ ಪಕ್ಕದ ಹಳ್ಳಿಗಳವರು ತಮ್ಮ ಪಾಲಿನದ್ದನ್ನ ಕೊಟ್ಟು ಹದಿನೈದು ವರ್ಷದ ಮೇಲಾಯ್ತು.

ದೊಡ್ಡವರ ಜಗಳ ಯಾವುದು?

ಈಗ ಜಗತ್ತಲ್ಲಿ ಮೂರು ದೊಡ್ಡ ಶಕ್ತಿಗಳು ಅಮೆರಿಕ, ಚೀನಾ, ರಷ್ಯಾ. ರಷ್ಯಾ 2022ರ ಫೆಬ್ರವರಿ 24ಕ್ಕೆ ಉಕ್ರೇನ್ ಮೇಲೆ ನುಗ್ಗಿತು. ಉಕ್ರೇನ್ ಹಿಂದೆ ಅಮೆರಿಕ, ಯುರೋಪು ನಿಂತವು. ಆ ಕಡೆ ಚೀನಾ, ತೈವಾನ್ ನಮ್ಮದೇ ಅನ್ನುತ್ತೆ, ಅಮೆರಿಕ ತೈವಾನ್‌ಗೆ ಆಯುಧ ಮಾರುತ್ತೆ. ಜಗತ್ತಿನ ಅತಿ ಸೂಕ್ಷ್ಮ ಕಂಪ್ಯೂಟರ್ ಚಿಪ್‌ಗಳಲ್ಲಿ ಬಹುಪಾಲು ತಯಾರಾಗೋದು ಆ ಚಿಕ್ಕ ದ್ವೀಪದಲ್ಲೇ. ನಮ್ಮ ಮೊಬೈಲ್ ಅಂಗಡಿಗಳ ಗಾಜಿನ ಕಪಾಟಿನಲ್ಲಿರೋ ಅರ್ಧ ಮಾಲು ಆ ಜಗಳಕ್ಕೆ ತಗಲ್ಹಾಕ್ಕೊಂಡಿದೆ. ಮೂರನೇ ಕಡೆ ಪಶ್ಚಿಮ ಏಷ್ಯಾ. 2025ರ ಜೂನ್ 13ರಿಂದ ಹನ್ನೆರಡು ದಿನ ಇಸ್ರೇಲ್–ಇರಾನ್ ಹೊಡೆದಾಡಿದವು, ಜೂನ್ 22ಕ್ಕೆ ಅಮೆರಿಕ ತಾನೇ ಹೋಗಿ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿತು. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ, ಕುದಾಪುರದ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ನಮ್ಮ ದೇಶ ಇವರೆಲ್ಲರ ನಡುವೆ ಸಿಕ್ಕಿಕೊಂಡಿರೋ ಮನೆ. ಚೀನಾ ಜತೆ ಬೇಲಿ ಜಗಳ, 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತರು. ರಷ್ಯಾದಿಂದ ಆಯುಧ, ಕಚ್ಚಾ ತೈಲ ತರಿಸ್ತೀವಿ. ಮಾಲು ಮಾರೋಕೆ ಅಮೆರಿಕ ಬೇಕು. ರಷ್ಯಾ ತೈಲ ತಗೊಂಡಿದ್ದಕ್ಕೇ ಸಿಟ್ಟಾಗಿ ಅಮೆರಿಕ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲಿನ ಸುಂಕವನ್ನ ಶೇ 50ಕ್ಕೆ ಏರಿಸಿತು. ಗುಂಡು ಹಾರಿಸದೇನೇ ಹೊಡೆಯೋ ಹೊಡೆತ ಅಂದ್ರೆ ಇದು. ಇಂಥದ್ದೇ ಇನ್ನೊಂದು ಹೊಡೆತ ಚೀನಾದ್ದು. 2025ರ ಏಪ್ರಿಲ್‌ನಲ್ಲಿ ಮೋಟಾರಿಗೆ ಬೇಕಾದ ವಿಶೇಷ ಆಯಸ್ಕಾಂತಗಳ ರಫ್ತಿಗೆ ಲಗಾಮು ಹಾಕಿತು. ಅಮೆರಿಕದ ಮೇಲಿನ ಸಿಟ್ಟಿಗೆ ಹಾಕಿದ ಲಗಾಮು, ಪೆಟ್ಟು ತಿಂದಿದ್ದರಲ್ಲಿ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳೂ ಇದ್ದವು.

ಹಾಗಾದ್ರೆ ನೇರವಾಗಿ ಯಾಕೆ ಹೊಡೆದಾಡಲ್ಲ? ಅಣುಬಾಂಬು. ಸ್ವೀಡನ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಪ್ರಕಾರ 2025ರ ಜನವರಿಗೆ ಜಗತ್ತಲ್ಲಿ ಸುಮಾರು 12,241 ಅಣು ಸಿಡಿತಲೆಗಳಿದ್ದವು. ರಷ್ಯಾ, ಅಮೆರಿಕ ಎರಡೇ ತಲಾ ಐದು ಸಾವಿರದ ಮೇಲೆ ಇಟ್ಕೊಂಡಿವೆ. ಚೀನಾದ್ದು 600, ನಮ್ಮದು 180, ಪಾಕಿಸ್ತಾನದ್ದು 170 ಅಂತ ಅದರ ಅಂದಾಜು. ಒಂದೇ ಹುಲ್ಲಿನ ಬಣವೆ ಮೇಲೆ ಇಬ್ಬರು ಕೂತು ಇಬ್ಬರ ಕೈಲೂ ಬೆಂಕಿಪೊಟ್ಟಣ ಇದ್ದಂಗೆ. ಮೊದಲು ಗೀರಿದವನೂ ಉಳಿಯಲ್ಲ. ಅದಕ್ಕೇ ಬೈತಾರೆ, ಸುಂಕ ಹಾಕ್ತಾರೆ, ಹಡಗು ತಡೀತಾರೆ, ಬೇರೆಯವರ ನೆಲದಲ್ಲಿ ಬೇರೆಯವರ ಕೈಲಿ ಹೊಡೆದಾಡಿಸ್ತಾರೆ.

ಅಪಾಯ ಇರೋದು ಲೆಕ್ಕಾಚಾರ ತಪ್ಪೋದರಲ್ಲಿ. 'ಇಷ್ಟು ಮಾಡಿದ್ರೆ ಅವನು ಸುಮ್ಮನಿರ್ತಾನೆ' ಅಂದ್ಕೊಂಡು ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬ ಸುಮ್ಮನಿರದೇ ಹೋಗಬಹುದು. 2025ರ ಮೇ 7ರಿಂದ 10ರವರೆಗೆ ನಾವೇ ನೋಡಿದ್ವಿ. ಪಹಲ್ಗಾಮ್ ದಾಳಿ ಆದ ಮೇಲೆ 'ಆಪರೇಷನ್ ಸಿಂಧೂರ' ಶುರುವಾಗಿ ನಾಲ್ಕೇ ದಿನದಲ್ಲಿ ಡ್ರೋನು, ಕ್ಷಿಪಣಿ ಅಂತ ಎಲ್ಲಿಂದ ಎಲ್ಲಿಗೋ ಹೋಯ್ತು. ನಿಂತಿದ್ದು ಪುಣ್ಯ. ಹಿಂದೆಲ್ಲ ಲೆಕ್ಕ ತಪ್ಪದಂಗೆ ನೋಡ್ಕೊಳ್ಳೋಕೆ ದೊಡ್ಡ ದೇಶಗಳ ನಡುವೆ ಒಪ್ಪಂದಗಳಿದ್ದವು, ಈಗ ಒಂದೊಂದೇ ಕಳಚಿಕೊಳ್ತಿವೆ. ಅಮೆರಿಕ–ರಷ್ಯಾ ತಲಾ 1,550ಕ್ಕಿಂತ ಹೆಚ್ಚು ಸಿಡಿತಲೆ ಸಜ್ಜಾಗಿ ಇಡಬಾರದು ಅನ್ನೋ 'ನ್ಯೂ ಸ್ಟಾರ್ಟ್' ಒಪ್ಪಂದ 2026ರ ಫೆಬ್ರವರಿ 5ರವರೆಗೆ ಅಂತಲೇ ಬರೆದಿದ್ದದ್ದು. ನನ್ನ ಮಟ್ಟಿಗೆ ಟೀವಿಲಿ ಕೂಗಾಡೋ ಜಗಳಕ್ಕಿಂತ ಇದು ಹೆದರಬೇಕಾದ ವಿಷಯ. ಇದರ ಬಗ್ಗೆ ಟೀವಿಯವರು ಕೂಗಲ್ಲ, ಯಾಕಂದ್ರೆ ತೋರಿಸೋಕೆ ಹೊಗೆ ಇಲ್ಲ.

ಎಣ್ಣೆ ಟಿನ್ ಒಳಗೆ ಉಕ್ರೇನ್

ಈಗ ಅಂಗಡಿಗೆ ಬರೋಣ. ಉಕ್ರೇನ್ ಯುದ್ಧ ಶುರುವಾಗೋ ತನಕ ನಾವು ಹೊರಗಿಂದ ತರಿಸ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಉಕ್ರೇನ್‌ದು, ಉಳಿದದ್ದರಲ್ಲಿ ಬಹುಪಾಲು ರಷ್ಯಾದ್ದು. ಜಗಳ ಬಿದ್ದಿದ್ದು ನಮ್ಮ ಎಣ್ಣೆ ಅಂಗಡಿಯವರಿಬ್ಬರಿಗೇನೇ. ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. 2022ರ ಮಾರ್ಚ್‌ನಲ್ಲಿ ಒಂದು ಲೀಟರ್ ಪ್ಯಾಕೆಟ್ ಇನ್ನೂರು ರೂಪಾಯಿ ಸುತ್ತಮುತ್ತ ಹೋಗಿದ್ದು ಯಾವ ಗೃಹಿಣಿಗೂ ಮರೆತಿಲ್ಲ. ಎಲ್ಲರೂ ಪಾಮ್ ಎಣ್ಣೆ ಕಡೆ ತಿರುಗಿದ್ರು. ತಿರುಗಿದ ಹೊತ್ತಿಗೆ ಸರಿಯಾಗಿ ಇಂಡೋನೇಷ್ಯಾ, ನಮ್ಮ ಜನಕ್ಕೇ ಸಾಲಲ್ಲ ಅಂತ ಏಪ್ರಿಲ್ 28ರಿಂದ ಮೇ 23ರ ತನಕ ಪಾಮ್ ಎಣ್ಣೆ ರಫ್ತು ನಿಲ್ಲಿಸಿಬಿಟ್ಟಿತು. ಮಂಡಕ್ಕಿ ಮೆಣಸಿನಕಾಯಿ ಮಾರೋ ಗಾಡಿಯವರು ಆ ಎರಡು ತಿಂಗಳು ಹೇಗೆ ಕಳೆದ್ರು ಅಂತ ಅವರನ್ನೇ ಕೇಳಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹದಿನಾರು ಆಣೆ ಶೇಂಗಾ ಬೆಳೆಯೋ ಜಿಲ್ಲೆ ನಮ್ಮದು. ಪಕ್ಕದ ಚಳ್ಳಕೆರೆಗೆ 'ಆಯಿಲ್ ಸಿಟಿ', 'ಎರಡನೇ ಬಾಂಬೆ' ಅಂತ ಹೆಸರಿತ್ತು. ಗಾಣ, ಮಿಲ್ಲು, ಲಾರಿ, ಹಮಾಲರು ಅಂತ ಊರು ತುಂಬಿ ತುಳುಕ್ತಿತ್ತು. 1994–95ರ ಹೊತ್ತಿಗೆ ಸರ್ಕಾರ ಹೊರಗಿನ ಖಾದ್ಯ ತೈಲಕ್ಕೆ ಬಾಗಿಲು ತೆಗೀತು. ಅಗ್ಗದ ಪಾಮ್ ಎಣ್ಣೆ ಬಂತು, ಶೇಂಗಾ ಎಣ್ಣೆ ದುಬಾರಿ ಆಯ್ತು, ಒಂದರ ಹಿಂದೆ ಒಂದು ಮಿಲ್ಲು ಬಾಗಿಲು ಹಾಕ್ಕೊಂಡ್ವು. ಇವತ್ತು ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತೆ. ಅಂದ್ರೆ ಯುದ್ಧ ಬಂದಿದ್ದಕ್ಕೆ ಮಾತ್ರ ನಮಗೆ ಪೆಟ್ಟು ಬಿದ್ದಿಲ್ಲ. ಪೆಟ್ಟು ತಡೆಯೋ ಗೋಡೆ ಚಳ್ಳಕೆರೆಯಲ್ಲಿತ್ತು, ಅದನ್ನ ಮೂವತ್ತು ವರ್ಷದ ಹಿಂದೇನೇ ಕೆಡವಿದ್ವಿ.

ಅಂಗಡಿಯವರಿಗೆ ಇನ್ನೊಂದು ಸೂಕ್ಷ್ಮ. ಎಣ್ಣೆ ದರ ಯುದ್ಧದಿಂದ ಏರೋದು ಎಷ್ಟೋ, ದೆಹಲಿಯ ಸುಂಕದಿಂದ ಏರಿ ಇಳಿಯೋದೂ ಅಷ್ಟೇ. 2024ರ ಸೆಪ್ಟೆಂಬರ್ 14ಕ್ಕೆ ಕೇಂದ್ರ ಕಚ್ಚಾ ಎಣ್ಣೆ ಮೇಲೆ ಶೇ 20 ಮೂಲ ಸುಂಕ ಹಾಕಿತು, ದರ ಏರಿತು. 2025ರ ಮೇ 30ಕ್ಕೆ ಅದನ್ನೇ ಶೇ 10ಕ್ಕೆ ಇಳಿಸಿತು. ಯುದ್ಧದ ವಿಡಿಯೋ ನೋಡಿ ಸಾಲ ಮಾಡಿ ಹತ್ತು ಟಿನ್ ಹೆಚ್ಚಿಗೆ ಇಟ್ಟವನು, ವಾರದಲ್ಲಿ ಸುಂಕ ಇಳಿದ್ರೆ ಬಡ್ಡಿ ಸಮೇತ ಮುಳುಗ್ತಾನೆ. ಎಣ್ಣೆ ವ್ಯಾಪಾರದಲ್ಲಿ ಕೀವ್ ಸುದ್ದಿಗಿಂತ ದೆಹಲಿ ಸುದ್ದಿ ಮೊದಲು ಓದಬೇಕು.

ಗೊಬ್ಬರದಲ್ಲಿ ಯುದ್ಧ ಬೇರೆ ಥರ ಕಾಣುತ್ತೆ

ಎಣ್ಣೆಯಲ್ಲಿ ಯುದ್ಧ ದರವಾಗಿ ಬರುತ್ತೆ. ಯೂರಿಯಾದಲ್ಲಿ ಸಾಲಾಗಿ ಬರುತ್ತೆ. ಯಾಕಂದ್ರೆ 45 ಕೆಜಿ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ ಅಂತ ಸರ್ಕಾರ ಕಟ್ಟಿ ಹಾಕಿದೆ. ಜಗತ್ತಲ್ಲಿ ದರ ಆಕಾಶಕ್ಕೆ ಹೋದ್ರೂ ಚೀಲದ ಮೇಲಿನ ಅಂಕಿ ಬದಲಾಗಲ್ಲ. ಆದ್ರೆ ಮಾಲು ಬರೋದು ತಡವಾಗುತ್ತೆ, ಸೊಸೈಟಿ ಮುಂದೆ ಬೆಳಗಿನ ಜಾವಕ್ಕೇ ಆಧಾರ್ ಕಾರ್ಡು, ಚಪ್ಪಲಿ, ಕಲ್ಲು ಸಾಲು ನಿಲ್ಲುತ್ವೆ.

ಯೂರಿಯಾ ತಯಾರಾಗೋದು ನೈಸರ್ಗಿಕ ಅನಿಲದಿಂದ. ಆ ಅನಿಲದಲ್ಲಿ ಒಂದು ದೊಡ್ಡ ಪಾಲು ಕತಾರ್‌ನಂಥ ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರಬೇಕು. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದ್ದೇ. ರಷ್ಯಾ, ಬೆಲಾರಸ್, ಕೆನಡಾ, ಇಸ್ರೇಲ್, ಜೋರ್ಡಾನ್ ಅಂತ ಪಟ್ಟಿ ಓದಿದ್ರೆ ಅರ್ಧ ಹೆಸರು ಯುದ್ಧದ ಸುದ್ದಿಯಲ್ಲೇ ಇರುತ್ತೆ. ಡಿಎಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಅದರಲ್ಲಿ ಚೀನಾದ್ದೂ ಒಂದು ಪಾಲಿತ್ತು, ಚೀನಾ ರಫ್ತು ಬಿಗಿ ಮಾಡ್ತು. ಮೇಲಿಂದ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿಗಳು ಹಡಗುಗಳ ಮೇಲೆ ದಾಳಿ ಶುರು ಮಾಡಿದ್ರಿಂದ ಎಷ್ಟೋ ಹಡಗುಗಳು ಇಡೀ ಆಫ್ರಿಕಾ ಸುತ್ತಿ ಓಡಾಡಬೇಕಾಯ್ತು.

ಚೀಲದ ದರ ಏರದಿದ್ರೆ ಆ ಹೊರೆ ಎಲ್ಲಿ ಹೋಯ್ತು? ಸರ್ಕಾರದ ಖಜಾನೆಗೆ, ಅಂದ್ರೆ ನಮ್ಮ ತೆರಿಗೆಗೆ. 2021–22ರಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಇದ್ದ ಗೊಬ್ಬರದ ಸಬ್ಸಿಡಿ, ಉಕ್ರೇನ್ ಯುದ್ಧದ ವರ್ಷ 2022–23ರಲ್ಲಿ ಎರಡೂವರೆ ಲಕ್ಷ ಕೋಟಿ ದಾಟಿತು. ಒಂದೇ ವರ್ಷದಲ್ಲಿ ಒಂದು ಲಕ್ಷ ಕೋಟಿ ಹೆಚ್ಚು. ಅಷ್ಟರಲ್ಲಿ ಭದ್ರಾ ಮೇಲ್ದಂಡೆ ಕಾಲುವೆ ಎಷ್ಟು ಸಲ ಮುಗಿಸಬಹುದಿತ್ತು ಅಂತ ಲೆಕ್ಕ ಹಾಕ್ತಾ ಕೂತ್ರೆ ನಮಗೇ ಹೊಟ್ಟೆ ಉರಿಯುತ್ತೆ, ಬಿಡಿ.

2025ರ ಜುಲೈನಲ್ಲಿ ರಾಜ್ಯದಲ್ಲಿ ಯೂರಿಯಾ ಗಲಾಟೆ ಆಯ್ತಲ್ಲ, ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದ್ರು, ಕೇಂದ್ರದವರು ನಾವು ಕೊಟ್ಟಿದ್ದೀವಿ ಅಂದ್ರು. ಅದಕ್ಕೆ ಪೂರ್ತಿ ಯುದ್ಧವೇ ಕಾರಣ ಅಂದ್ರೆ ತಪ್ಪಾಗುತ್ತೆ. ಮಳೆ ಬೇಗ ಬಂತು, ಮೆಕ್ಕೆಜೋಳ ಬಿತ್ತಿದ್ದು ಹೆಚ್ಚಾಯ್ತು, ಜೋಳಕ್ಕೆ ಯೂರಿಯಾ ಜಾಸ್ತಿ ಬೇಕು. ಹೊರಗಿಂದ ಮಾಲು ಸರಾಗ ಬರ್ತಿದ್ರೆ ಆ ಒತ್ತಡ ಇಷ್ಟು ಕಾಣ್ತಿರಲಿಲ್ಲ, ಅಷ್ಟೇ.

ನಮ್ಮ ರೈತರಿಗೆ ಇಲ್ಲಿ ಒಂದು ಅನುಕೂಲ ಇದೆ. ಶೇಂಗಾ ದ್ವಿದಳ ಧಾನ್ಯದ ಜಾತಿ. ಬೇರಿನ ಗಂಟಲ್ಲಿ ತಾನೇ ಸಾರಜನಕ ಕಟ್ಟಿಕೊಳ್ಳುತ್ತೆ, ಯೂರಿಯಾ ಬಹಳ ಕಮ್ಮಿ ಸಾಕು. ಅದಕ್ಕೆ ಬೇಕಿರೋದು ರಂಜಕ, ಸುಣ್ಣದ ಅಂಶ, ಗಂಧಕ. ಡಿಎಪಿ ಸಿಗಲಿಲ್ಲ ಅಂದ್ರೆ ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಬಹುದು, ಅದರಲ್ಲಿ ಈ ಮೂರೂ ಇವೆ. ಜಿಪ್ಸಂ ಕೂಡ ಆಗುತ್ತೆ. ಮಣ್ಣು ಪರೀಕ್ಷೆ ಮಾಡಿಸಿ ಹಾಕಿದ್ರೆ ಇನ್ನೂ ಒಳ್ಳೇದು. ಮೆಕ್ಕೆಜೋಳದವರಿಗೆ ಈ ಅನುಕೂಲ ಇಲ್ಲ.

ಡೀಸೆಲ್ ಬಗ್ಗೆ ಚಿಕ್ಕದಾಗಿ

ಇರಾನ್ ಮತ್ತು ಒಮಾನ್ ನಡುವೆ ಹಾರ್ಮುಜ್ ಅಂತ ಒಂದು ಜಲಸಂಧಿ. ತೀರ ಕಿರಿದಾದ ಕಡೆ ಅಗಲ ಸುಮಾರು 33 ಕಿಮೀ. ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋದಷ್ಟು ದೂರ. ಜಗತ್ತು ಬಳಸೋ ತೈಲದಲ್ಲಿ ಐದರಲ್ಲೊಂದು ಪಾಲು ಈ ಸಂದಿಲಿ ಹಾದು ಬರಬೇಕು. ನಮ್ಮ ಅಡುಗೆ ಸಿಲಿಂಡರಿನ ಅನಿಲದಲ್ಲಿ ಹೆಚ್ಚಿನ ಪಾಲೂ ಇದೇ ದಾರಿ. 2025ರ ಜೂನ್‌ನಲ್ಲಿ ಹಾರ್ಮುಜ್ ಮುಚ್ಚೋಣ ಅಂತ ಇರಾನ್ ಸಂಸತ್ತು ಒಪ್ಪಿಗೆ ಕೊಟ್ಟಿತ್ತು, ಆದ್ರೆ ಮುಚ್ಚಲಿಲ್ಲ. ಆ ಹನ್ನೆರಡು ದಿನದಲ್ಲಿ ಕಚ್ಚಾ ತೈಲ ಪೀಪಾಯಿಗೆ 70 ಡಾಲರ್ ಒಳಗಿದ್ದದ್ದು 80ರ ಹತ್ತಿರ ಹೋಗಿ, ಕದನ ನಿಂತ ಕೂಡಲೇ ಇಳೀತು. ನಮ್ಮ ಬಂಕಿನ ದರ ಅಲ್ಲಾಡಲಿಲ್ಲ. ಇಲ್ಲಿ ಬಂಕಿನ ದರವನ್ನ ಹೆಚ್ಚಾಗಿ ಅಲ್ಲಾಡಿಸೋದು ತೆರಿಗೆ. 2025ರ ಏಪ್ರಿಲ್ 1ಕ್ಕೆ ಡೀಸೆಲ್ ಎರಡು ರೂಪಾಯಿ ಏರಿದ್ದು ರಾಜ್ಯ ಸರ್ಕಾರದ ಮಾರಾಟ ತೆರಿಗೆಯಿಂದ, ಯಾವ ಯುದ್ಧದಿಂದಲೂ ಅಲ್ಲ.

ಹಡಗು ನಿಂತೇ ಹೋದ್ರೆ? ಅದಕ್ಕೆ ಅಂತಲೇ ದೇಶ ನೆಲದಡಿ ಬಂಡೆ ಕೊರೆದು ತೈಲ ತುಂಬಿಸಿಟ್ಟಿದೆ. ಮೂರು ಜಾಗದಲ್ಲಿ ಎರಡು ನಮ್ಮ ರಾಜ್ಯದಲ್ಲೇ ಇವೆ. ಮಂಗಳೂರಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಲ್ಲಿ 25 ಲಕ್ಷ ಟನ್ ಹಿಡಿಸುತ್ತೆ. ಮೂರನೇದು ವಿಶಾಖಪಟ್ಟಣ. ಮೂರೂ ತುಂಬಿದ್ರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ಟ್ಯಾಂಕ್‌ನಲ್ಲಿರೋದು ಬೇರೆ. ಹಾಗಾಗಿ ನಾಳೆ ಬೆಳಿಗ್ಗೆ ಬಂಕು ಖಾಲಿ ಅನ್ನೋ ಮೆಸೇಜು ಬಂದ್ರೆ ಕ್ಯಾನು ಹಿಡ್ಕೊಂಡು ಓಡೋ ಅಗತ್ಯ ಇಲ್ಲ. ಓಡಿದ್ರೆ ಓಡಿದವರಿಂದಲೇ ಖಾಲಿ ಆಗುತ್ತೆ.

ಕುದಾಪುರ: ನಮ್ಮ ಪಕ್ಕದಲ್ಲೇ ಇರೋ ಯುದ್ಧದ ನೆಲ

ಈಗ ಮೂರನೇ ಪ್ರಶ್ನೆ. ನಮ್ಮ ಹೋಬಳಿ ದಾಟಿದ್ರೆ ನಾಯಕನಹಟ್ಟಿ ಸೀಮೆ, ಅಲ್ಲಿಂದಾಚೆ ಕುದಾಪುರ, ವರವು, ಉಳ್ಳಾರ್ತಿ ಕಾವಲ್‌ಗಳು. 2008ರಿಂದ 2010ರ ಆಸುಪಾಸಿನಲ್ಲಿ ಈ ಹುಲ್ಲುಗಾವಲನ್ನ ಸರ್ಕಾರ ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲ್‌ನಲ್ಲಿ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಕೂಡಿದ್ರೆ ಎಂಟು ಸಾವಿರ ಎಕರೆ ಮೇಲೆ.

ಎಲ್ಲಾನೂ ಯುದ್ಧಕ್ಕೆ ಅಂತಲ್ಲ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ. ಇಸ್ರೋದ 'ಪುಷ್ಪಕ್' ರಾಕೆಟ್ ವಿಮಾನ 2023ರ ಏಪ್ರಿಲ್ 2ಕ್ಕೆ, ಆಮೇಲೆ 2024ರಲ್ಲಿ ಎರಡು ಸಲ ಹೆಲಿಕಾಪ್ಟರಿನಿಂದ ಬಿಟ್ಟಾಗ ತಾನೇ ತಾನಾಗಿ ಬಂದು ಇಳಿದಿದ್ದು ಇಲ್ಲಿನ ರನ್‌ವೇ ಮೇಲೆ. ಅದು ನಿಜಕ್ಕೂ ಹೆಮ್ಮೆ ವಿಷಯ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವನ್ನ 2017ರ ಮೇ 28ಕ್ಕೆ ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದ್ರು. ಅಲ್ಲಿ ಪರೀಕ್ಷೆ ಆಗೋದು ಡ್ರೋನುಗಳು. ಉಕ್ರೇನ್‌ನಲ್ಲಿ, ಮೇ ತಿಂಗಳಲ್ಲಿ ನಮ್ಮ ಗಡಿಯಲ್ಲಿ ಯಾವ ಆಯುಧ ಯುದ್ಧದ ರೀತಿನೇ ಬದಲಾಯಿಸ್ತೋ, ಅದೇ ಜಾತಿಯವು. 2019ರ ಸೆಪ್ಟೆಂಬರ್ 17ಕ್ಕೆ ಜೋಡಿಚಿಕ್ಕೇನಹಳ್ಳಿ ಹತ್ರ ತೋಟದಲ್ಲಿ ಒಂದು ಬಿತ್ತು. 2023ರ ಆಗಸ್ಟ್ 20ಕ್ಕೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹೊಲದಲ್ಲಿ ಇನ್ನೊಂದು. ಯಾರಿಗೂ ಏನೂ ಆಗಲಿಲ್ಲ. ಜನ ಸೆಲ್ಫಿ ತಗೊಂಡ್ರು.

ಜನ ಹೆದರೋದು ಉಳ್ಳಾರ್ತಿ ಘಟಕಕ್ಕೆ. ಅಲ್ಲಿ ಬರೋದು ಯುರೇನಿಯಂ ಸಂವರ್ಧನೆಯ ಘಟಕ. ಹಾಗಂದ್ರೇನು? ನೆಲದಿಂದ ತೆಗೆದ ಯುರೇನಿಯಂನಲ್ಲಿ ಕೆಲಸಕ್ಕೆ ಬರೋ ಅಂಶ ನೂರಕ್ಕೆ ಒಂದು ಪಾಲೂ ಇರಲ್ಲ, ಶೇ 0.7 ಅಷ್ಟೇ. ಜರಡಿ ಹಿಡಿದಂಗೆ, ಅತಿ ವೇಗವಾಗಿ ತಿರುಗೋ ಕೊಳವೆಗಳಲ್ಲಿ ತಿರುಗಿಸಿ ತಿರುಗಿಸಿ ಆ ಅಂಶ ಹೆಚ್ಚು ಮಾಡ್ತಾರೆ. ಶೇ 3ರಿಂದ 5 ಆದ್ರೆ ವಿದ್ಯುತ್ ಸ್ಥಾವರಕ್ಕೆ, ಇನ್ನೂ ಹೆಚ್ಚಾದ್ರೆ ಜಲಾಂತರ್ಗಾಮಿಯ ಎಂಜಿನ್ನಿಗೆ, ಶೇ 90 ಆದ್ರೆ ಬಾಂಬಿಗೆ. ಯಂತ್ರ ಒಂದೇ, ಎಷ್ಟು ಹೊತ್ತು ತಿರುಗಿಸ್ತೀರ ಅನ್ನೋದರ ಮೇಲೆ ಎಲ್ಲ ನಿಂತಿದೆ. ಇರಾನ್ ಶೇ 60ರವರೆಗೆ ಹೋಗಿತ್ತು. ಅಮೆರಿಕ ಬಾಂಬು ಹಾಕಿದ ನತಾಂಜ್, ಫೋರ್ಡೊ ಎರಡೂ ಇಂಥ ಕೆಲಸದ ಘಟಕಗಳೇ. ಹಾಗಾಗಿ ಜನರ ಭಯ ಪೂರ್ತಿ ಹುಚ್ಚು ಅಂತ ತಳ್ಳಿಹಾಕೋಕೆ ಆಗಲ್ಲ.

ಈ ಘಟಕದ ಹೆಸರು ದೂರದವರ ಬಾಯಲ್ಲೂ ಇದೆ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ 'ಫಾರಿನ್ ಪಾಲಿಸಿ' ಪತ್ರಿಕೆಯಲ್ಲಿ ಚಳ್ಳಕೆರೆ ಬಗ್ಗೆ ದೊಡ್ಡ ಲೇಖನ ಬಂತು. 2017ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಕಚೇರಿ, ಭಾರತ ರಹಸ್ಯ ಅಣು ನಗರ ಕಟ್ತಿದೆ ಅಂತ ಆರೋಪಿಸಿತು, ನಮ್ಮ ವಿದೇಶಾಂಗ ಇಲಾಖೆ ಅದು ಅವರ ಕಲ್ಪನೆ ಅಂತ ತಳ್ಳಿಹಾಕಿತು. ನಮ್ಮ ಕುರಿ ಹಟ್ಟಿ ಪಕ್ಕದ ಕಾಂಪೌಂಡಿನ ಬಗ್ಗೆ ಇಸ್ಲಾಮಾಬಾದ್‌ನವರಿಗೆ ಇರೋ ಆಸಕ್ತಿ ನಮಗೇ ಇಲ್ಲ ಅನ್ನಿಸುತ್ತೆ ಒಂದೊಂದ್ಸಲ.

ಧೈರ್ಯ ಕೊಡೋ ಒಂದು ಸಂಗತಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1988ರ ಡಿಸೆಂಬರ್ 31ಕ್ಕೆ, ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೊ ಕಾಲದಲ್ಲಿ, ಎರಡೂ ದೇಶ ಒಬ್ಬರ ಅಣು ಕೇಂದ್ರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ ಒಪ್ಪಂದ ಮಾಡ್ಕೊಂಡ್ವು. 1992ರಿಂದ ಪ್ರತಿ ವರ್ಷ ಜನವರಿ 1ಕ್ಕೆ ತಮ್ಮ ತಮ್ಮ ಅಣು ಕೇಂದ್ರಗಳ ಪಟ್ಟಿ ಬದಲಾಯಿಸಿಕೊಳ್ತಾರೆ. ಕಾರ್ಗಿಲ್ ಆಯ್ತು, ಮುಂಬೈ ದಾಳಿ ಆಯ್ತು, ಪುಲ್ವಾಮ ಆಯ್ತು, ಪಟ್ಟಿ ಕೊಡೋದು ನಿಲ್ಲಲಿಲ್ಲ. ಮಾತೇ ಆಡದ ಅಣ್ತಮ್ಮಂದಿರು ವರ್ಷಕ್ಕೊಂದ್ಸಲ ಪಹಣಿ ತೋರಿಸಿಕೊಂಡಂಗೆ. ಪಟ್ಟಿಯಲ್ಲಿ ಏನೇನಿದೆ ಅಂತ ಹೊರಗೆ ಹೇಳಲ್ಲ. ಚೀನಾ ಜತೆ ಇಂಥ ಒಪ್ಪಂದ ಇಲ್ಲ. ಆದ್ರೆ ಮೊದಲು ನಾವಾಗಿ ಅಣುಬಾಂಬು ಹಾಕಲ್ಲ ಅನ್ನೋ ಮಾತನ್ನ ಚೀನಾ 1964ರಿಂದ ಹೇಳ್ತಾ ಬಂದಿದೆ, ಭಾರತದ್ದೂ ಅದೇ ನೀತಿ. ಇಷ್ಟರ ಮೇಲೆ ನನಗನ್ನಿಸೋದು, ಉಳ್ಳಾರ್ತಿ ಕಾರಣಕ್ಕೆ ರಾತ್ರಿ ನಿದ್ದೆಗೆಡೋ ಅಗತ್ಯ ಇಲ್ಲ. ಆದ್ರೆ ಅಲ್ಲೇನಾದ್ರೂ ಅವಘಡ ಆದ್ರೆ ಸುತ್ತಲ ಹಳ್ಳಿಯವರು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಕನ್ನಡದಲ್ಲಿ, ಗ್ರಾಮ ಪಂಚಾಯ್ತಿ ಗೋಡೆ ಮೇಲೆ, ಬರೆದು ಹಾಕಬೇಕು. ಅದನ್ನ ಕೇಳೋ ಹಕ್ಕು ನಮಗಿದೆ. ದೇಶದ ಗುಟ್ಟು ಕೇಳ್ತಿಲ್ಲ, ನಮ್ಮ ದಾರಿ ಕೇಳ್ತಿದ್ದೀವಿ.

ಈ ನೆಲದ ಹಳೇ ಕಥೆ ಗೊತ್ತಾದ್ರೆ ಆಶ್ಚರ್ಯ ಆಗುತ್ತೆ. ಅಮೃತ್ ಮಹಲ್ ಕಾವಲ್ ಅಂತಾರಲ್ಲ, ಆ ಅಮೃತ್ ಮಹಲ್ ದನಗಳು ಹೊಲ ಉಳೋಕೆ ಅಂತ ಸಾಕಿದ್ದವಲ್ಲ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ್ ಮಹಲ್' ಅಂತ ಹೆಸರಿಟ್ಟ. ಹೈದರಾಲಿ, ಟಿಪ್ಪು ಫಿರಂಗಿ ಎಳೆಸೋಕೆ ಈ ಎತ್ತುಗಳನ್ನೇ ಬಳಸಿದ್ರು. 1779ರಲ್ಲಿ ನಮ್ಮ ಮದಕರಿ ನಾಯಕನ ದುರ್ಗ ಹೈದರನ ಕೈಗೆ ಹೋಯ್ತು, 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಈ ಎತ್ತುಗಳನ್ನೂ ಬಿಡಲಿಲ್ಲ, ತಮ್ಮ ದಂಡಿಗೆ ಕಟ್ಟಿದ್ರು. ಅಂದ್ರೆ ಈ ಹುಲ್ಲು ಮೊದಲಿಂದಲೂ ಯುದ್ಧದ ಸಲುವಾಗಿ ಕಾಯ್ದಿಟ್ಟ ಹುಲ್ಲೇ. ಯುದ್ಧದ ಎತ್ತು ಹೋದ ಮೇಲೆ ಅದು ಜನರದ್ದಾಯ್ತು. ಕುರಿ ಮೇಯಿತು, ಉಣ್ಣೆ ಬಂತು, ಚಳ್ಳಕೆರೆ ಸೀಮೆ ಕಂಬಳಿ ಆಯ್ತು. ಈಗ ಮತ್ತೆ ಯುದ್ಧದವರ ಕೈಗೆ ಹೋಯ್ತು. (ತುರು ಅಂದ್ರೆ ಹಳಗನ್ನಡದಲ್ಲಿ ದನ. ದನ ಹಿಡಿಯೋಕೆ ಬಂದವರ ಜತೆ ಹೊಡೆದಾಡಿ ಸತ್ತವರ ವೀರಗಲ್ಲು ನಮ್ಮ ಕಡೆ ಎಷ್ಟಿಲ್ಲ. ನಮ್ಮೂರ ಹೆಸರಿನ ಮೊದಲ ಎರಡಕ್ಷರವೂ ಅದೇ.)

ಕಾವಲ್ ಹೋದಾಗ ಜನ ಸುಮ್ಮನೆ ಕೂರಲಿಲ್ಲ. ಕಾಂಪೌಂಡು ಎದ್ದಾಗ ಕುರಿ, ದನ ಹೊಡ್ಕೊಂಡು ಬಂದು ಪ್ರತಿಭಟನೆ ಮಾಡಿದ್ರು, ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿ ತನಕ ಹೋಯ್ತು. ಕಾಂಪೌಂಡು ಮಾತ್ರ ನಿಂತೇ ಇದೆ. ಸಾಕೋಕೆ ಮೇವಿಲ್ಲ ಅಂದ್ರೆ ಕುರಿ ಮಂದೆ ಚಿಕ್ಕದಾಗುತ್ತೆ, ಹುಡುಗರು ಬೆಂಗಳೂರು ಬಸ್ಸು ಹತ್ತುತ್ತಾರೆ. ದೊಡ್ಡ ದೇಶಗಳ ಪೈಪೋಟಿಯಲ್ಲಿ ಹಿಂದೆ ಬೀಳಬಾರದು ಅಂತ ದೇಶ ಆಯುಧ ಮಾಡೋದು ತಪ್ಪು ಅಂತ ನಾನು ಹೇಳಲ್ಲ. ಅದರ ಖರ್ಚಿನಲ್ಲಿ ಒಂದು ಭಾಗ ಕುರಿಗಾಹಿಯ ಲೆಕ್ಕದಲ್ಲಿ ಬರೆದಿದೆ, ಬಜೆಟ್ ಪುಸ್ತಕದಲ್ಲಿ ಅದು ಕಾಣಲ್ಲ ಅಂತ ಹೇಳ್ತಿದ್ದೀನಿ.

ಹೊರಗೆ ಹೋದ ನಮ್ಮ ಮಕ್ಕಳು

2022ರ ಮಾರ್ಚ್ 1ಕ್ಕೆ ಉಕ್ರೇನ್‌ನ ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಸತ್ತ ವೈದ್ಯ ವಿದ್ಯಾರ್ಥಿ ಹಾವೇರಿ ಜಿಲ್ಲೆ ಚಳಗೇರಿ ಹುಡುಗ. ಅವನು ಸತ್ತಾಗ ನಿಂತಿದ್ದು ದಿನಸಿ ಅಂಗಡಿ ಮುಂದಿನ ಸಾಲಿನಲ್ಲಿ. ಶವ ಊರಿಗೆ ಬಂದಿದ್ದು ಮಾರ್ಚ್ 21ಕ್ಕೆ, ಮನೆಯವರು ಅದನ್ನ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ರು. ಡಾಕ್ಟರ್ ಆಗಿ ಬರಬೇಕಿದ್ದವನು ಪಾಠದ ದೇಹವಾಗಿ ಕಾಲೇಜು ಸೇರಿದ. 2024ರಲ್ಲಿ ಕಲಬುರಗಿ ಜಿಲ್ಲೆಯ ಕೆಲ ಯುವಕರು ಸೆಕ್ಯುರಿಟಿ ಕೆಲಸ ಅಂತ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿ ಸೇರಿದ್ರು, ಅವರನ್ನ ಬಿಡಿಸಿ ಕರೆತರೋಕೆ ತಿಂಗಳುಗಟ್ಟಲೆ ಹಿಡೀತು.

ನಮ್ಮ ಕಡೆ ಹುಡುಗರಿಗೂ ಇಂಥ ಕರೆ ಬರ್ತವೆ. ದುಬೈ, ರಷ್ಯಾ, ಇಸ್ರೇಲ್ ಅಂತ, ಸಂಬಳ ಲಕ್ಷದ ಮೇಲೆ ಅಂತ. ಏಜೆಂಟ್ ನೋಂದಾಯಿಸಿದವನಾ ಅಂತ ವಿದೇಶಾಂಗ ಇಲಾಖೆಯ 'ಇ-ಮೈಗ್ರೇಟ್' ಜಾಲತಾಣದಲ್ಲಿ ಹತ್ತು ನಿಮಿಷದಲ್ಲಿ ನೋಡಬಹುದು. ಕರಾರು ಪತ್ರ ನಿಮಗೆ ಓದೋಕೆ ಬರದ ಭಾಷೆಯಲ್ಲಿದ್ರೆ ಸಹಿ ಹಾಕಬೇಡಿ. ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಕರೆದ್ರೆ ಅಲ್ಲಿಗೇ ಬಿಟ್ಟುಬಿಡಿ.

ಹಾಗಾದ್ರೆ ಈಗ ಏನು?

1939ರಲ್ಲಿ ನಮ್ಮೂರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿಯೋ ಸತ್ಯಾಗ್ರಹ ನಡೀತು. ಅದೇ ವರ್ಷ ಸೆಪ್ಟೆಂಬರ್ 3ಕ್ಕೆ ವೈಸ್‌ರಾಯ್ ಲಿನ್‌ಲಿತ್‌ಗೋ, ಇಲ್ಲಿನ ಒಬ್ಬನನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿಬಿಟ್ಟ. ಈಗ ಹಾಗೆ ಘೋಷಿಸೋ ವೈಸ್‌ರಾಯ್ ಇಲ್ಲ. ಆದ್ರೂ ಎಣ್ಣೆ ದರ, ಗೊಬ್ಬರದ ಸಾಲು ನಮ್ಮನ್ನ ಕೇಳಿ ಬರಲ್ಲ. ನಮ್ಮ ಕೈಲಿರೋದು ಕೆಲವೇ ಕೆಲಸ.

ಅಂಗಡಿಯವರು ತಿಂಗಳ ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟೇ ಮಾಲು ಇಟ್ಕೊಳ್ಳೋದು ಒಳ್ಳೇದು. ಯುದ್ಧದ ಹೆಸರಲ್ಲಿ ಬಚ್ಚಿಟ್ಟು, ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಹೆಚ್ಚು ತಗೊಂಡ್ರೆ ಕೇಸ್ ಆಗುತ್ತೆ, ಅದಕ್ಕಿಂತ ಮುಖ್ಯವಾಗಿ ಗಿರಾಕಿ ನೆನಪಿಟ್ಕೊಳ್ತಾನೆ. ನಿಮ್ಮ ಅಂಗಡಿ ಗ್ರೂಪಿಗೆ ಯುದ್ಧದ ವಿಡಿಯೋ ಬಂದ್ರೆ, ಅದರಲ್ಲಿ ತಾರೀಖು, ಊರು, ಸುದ್ದಿ ಸಂಸ್ಥೆ ಹೆಸರು ಮೂರೂ ಇಲ್ಲದಿದ್ರೆ ಮುಂದಕ್ಕೆ ಕಳಿಸಬೇಡಿ.

ರೈತರು ಗೊಬ್ಬರ ತಗೊಳ್ಳುವಾಗ ಪಿಒಎಸ್ ಮೆಷಿನ್ನಿನ ಬಿಲ್ ಕೇಳಿ ತಗೊಳ್ಳಿ. 266 ರೂಪಾಯಿ 50 ಪೈಸೆ ಚೀಲಕ್ಕೆ 'ಯುದ್ಧ ಕಣಪ್ಪಾ' ಅಂತ ನಾನೂರು ಕೇಳಿದ್ರೆ, ಯೂರಿಯಾ ಬೇಕು ಅಂದ್ರೆ ಬೇಡದ ಔಷಧಿ ಡಬ್ಬನೂ ತಗೋಬೇಕು ಅಂದ್ರೆ, ಬಿಲ್ ಸಮೇತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬರೆದು ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ.